ಕಾಣೆಯಾದವನ ಚರಿತ್ರೆ: ಎಸ್ತೋನಿಯದ ವಿಮಾನಭಟನೂ ಸೋಫಿ ಓಕ್ಸಾನೆನಳ ಕಾದಂಬರಿಯೂ

ಯುದ್ಧವೊಂದು ಮುಗಿದ ಮೇಲೆ ಮನೆಗೆ ಮರಳಿ ಬಾರದವನ ವಿಷಯವಾಗಿ ಮನೆಯವರು ಕೇಳುವ ಪ್ರಶ್ನೆ ಒಂದೇ: ಅವನಿಗೆ ಮುಂದೇನಾಯಿತು? ಗೆದ್ದ ದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ವ್ಯವಸ್ಥೆಯುಂಟು. ಸೈನ್ಯದ ಪಟ್ಟಿಗಳುಂಟು, ಸಮಾಧಿಗಳುಂಟು, ಸ್ಮಾರಕದ ಕಲ್ಲುಗಳ ಮೇಲೆ ಕೆತ್ತಿದ ಹೆಸರುಗಳುಂಟು. ಸೋತ ದೇಶಗಳಲ್ಲಿಯೂ ಕಾಲಕ್ರಮದಲ್ಲಿ ಹೇಗೋ ಒಂದು ಲೆಕ್ಕವು ಒದಗುತ್ತದೆ. ಆದರೆ ಯುದ್ಧದ ನಡುವೆಯೇ ದೇಶವೆಂಬ ಹೆಸರನ್ನು ಕಳೆದುಕೊಂಡು, ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಮೂರು ಬಾರಿ ಸಾಗಿದ ಒಂದು ಚಿಕ್ಕ ನಾಡಿನಲ್ಲಿ ಈ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕು? ಉತ್ತರ ಹೇಳುವವನು ಯಾರ ಪರವಾಗಿ ಹೇಳುತ್ತಾನೆ? ಎಸ್ತೋನಿಯದ ಇತ್ತೀಚಿನ ಸಾಹಿತ್ಯವನ್ನೂ, ಎಸ್ತೋನಿಯವನ್ನು ಕುರಿತ ನೆರೆನಾಡುಗಳ ಸಾಹಿತ್ಯವನ್ನೂ ಓದುವವನಿಗೆ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಸೋಫಿ ಓಕ್ಸಾನೆನಳು ಫಿನ್ನಿಷ್ ಭಾಷೆಯಲ್ಲಿ ಬರೆದು ೨೦೧೨ರಲ್ಲಿ ಪ್ರಕಟಿಸಿದ “ಪಾರಿವಾಳಗಳು ಮಾಯವಾದಾಗ” ಎಂಬ ಕಾದಂಬರಿಯು ಇವುಗಳನ್ನೇ ತನ್ನ ಕಥೆಯ ಹೂರಣವಾಗಿ ಮಾಡಿಕೊಂಡಿದೆ. ಆ ಗ್ರಂಥದ ಗುಣದೋಷಗಳನ್ನು, ಅದಕ್ಕೆ ಸಮೀಪವಾದ ಇನ್ನೆರಡು ಕೃತಿಗಳ ಪಕ್ಕದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

೧

ಮೊದಲು ಇತಿಹಾಸದ ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಎಸ್ತೋನಿಯವು ೧೯೧೮ರಲ್ಲಿ ಸ್ವಾತಂತ್ರ್ಯವನ್ನು ಸಾರಿಕೊಂಡು, ೧೯೨೦ರ ತಾರ್ತು ಒಪ್ಪಂದದಿಂದ ರಷ್ಯದ ಮನ್ನಣೆಯನ್ನು ಪಡೆದ ಗಣರಾಜ್ಯ. ೧೯೩೯ರ ಆಗಸ್ಟ್ ೨೩ರಂದು ಜರ್ಮನಿಯೂ ಸೋವಿಯತ್ ಒಕ್ಕೂಟವೂ ಮಾಡಿಕೊಂಡ ಗುಪ್ತ ಒಡಂಬಡಿಕೆಯಂತೆ ಅದು ಸೋವಿಯತ್ ಪಾಲಿಗೆ ಬಿದ್ದಿತು. ೧೯೪೦ರ ಬೇಸಗೆಯಲ್ಲಿ ಕೆಂಪು ಸೈನ್ಯವು ನಾಡನ್ನು ಆಕ್ರಮಿಸಿತು. ೧೯೪೧ರ ಜೂನ್ ೧೪ರಂದು ಸುಮಾರು ಹತ್ತು ಸಾವಿರ ಜನರನ್ನು ಪೂರ್ವದೇಶಕ್ಕೆ ಸಾಗಿಸಲಾಯಿತು. ಅದೇ ಬೇಸಗೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಗಂಡಸರು ಕೆಂಪು ಸೈನ್ಯಕ್ಕೆ ಸೇರಿಸಲ್ಪಟ್ಟರು. ಕೆಲವೇ ವಾರಗಳಲ್ಲಿ ಜರ್ಮನರು ಬಂದರು. ಅವರ ಆಳಿಕೆ ೧೯೪೪ರವರೆಗೆ ನಡೆಯಿತು. ೧೯೪೪ರ ಸೆಪ್ಟೆಂಬರ್ ೨೨ರಂದು ಕೆಂಪು ಸೈನ್ಯವು ತಲ್ಲಿನ್ ನಗರವನ್ನು ಮತ್ತೆ ಹೊಕ್ಕಿತು. ಆ ಎರಡನೆಯ ಸೋವಿಯತ್ ಆಳಿಕೆಯು ೧೯೯೧ರ ಆಗಸ್ಟ್ ೨೦ರವರೆಗೆ ಉಳಿಯಿತು.

ಈ ನಾಡಿನ ಒಬ್ಬ ವಿಮಾನಭಟನ ಬಾಳನ್ನು ಇದರಲ್ಲಿ ಇಟ್ಟು ನೋಡಬೇಕು. ಅವನು ಗಣರಾಜ್ಯದ ಪುಟ್ಟ ವಾಯುಪಡೆಯಲ್ಲಿ ಹಾರಾಟವನ್ನು ಕಲಿತವನು. ೧೯೪೦ರಲ್ಲಿ ಅವನ ಪಡೆಯು ಹೆಸರು ಬದಲಾಯಿಸಿಕೊಂಡು ಸೋವಿಯತ್ ಸೈನ್ಯದ ಒಂದು ಅಂಗವಾಯಿತು. ೧೯೪೨ರಲ್ಲಿ, ಎಸ್ತೋನಿಯದಲ್ಲಿಯೇ ಬೆಳೆದ ಗೆರ್ಹಾರ್ಡ್ ಬುಷ್ಮನ್ ಎಂಬ ಜರ್ಮನನು ಸ್ಥಳೀಯ ಚಾಲಕರನ್ನು ಕೂಡಿಸಿ, ಎಸ್ತೋನಿಯದಲ್ಲಿಯೇ ತಯಾರಾದ ಶಿಕ್ಷಣ ವಿಮಾನಗಳನ್ನಿಟ್ಟುಕೊಂಡು, ಫಿನ್ಲೆಂಡ್ ಕೊಲ್ಲಿಯ ಮೇಲೆ ಕಾವಲು ಹಾರುವ ಒಂದು ದಳವನ್ನು ಕಟ್ಟಿದನು. ಮರುವರ್ಷ ಜರ್ಮನ್ ವಾಯುಪಡೆಯಡಿಯಲ್ಲಿ ಎಸ್ತೋನಿಯನರ ರಾತ್ರಿದಾಳಿಯ ತಂಡವೊಂದು ಏರ್ಪಟ್ಟಿತು. ಹಳೆಯ ಎರಡು ರೆಕ್ಕೆಸಾಲಿನ ವಿಮಾನಗಳಲ್ಲಿ ಕತ್ತಲೆಯಲ್ಲಿ ಹಾರಿ ಶತ್ರುವಿನ ಸಾಲುಗಳ ಮೇಲೆ ಬಾಂಬುಗಳನ್ನು ಹಾಕುವುದು ಅದರ ಕೆಲಸ. ೧೯೪೪ರ ಶರತ್ಕಾಲದಲ್ಲಿ ನಾಡು ಕೈಬಿಟ್ಟುಹೋದ ಮೇಲೆ ಆ ಚಾಲಕರಲ್ಲಿ ಕೆಲವರು ವಿಮಾನಸಹಿತವಾಗಿ ಸ್ವೀಡನ್ನಿಗೆ ಹಾರಿಹೋದರು. ಅದರ ಹಿಂದೆಯೇ ಜರ್ಮನರು ತಂಡವನ್ನು ಒಡೆದುಹಾಕಿದರು.

ಒಂದೇ ಮನುಷ್ಯನು ನಾಲ್ಕು ವರ್ಷಗಳ ಒಳಗೆ ಮೂರು ಸಮವಸ್ತ್ರಗಳನ್ನು ತೊಟ್ಟಿರಬಹುದು. ಯಾವ ಸಮವಸ್ತ್ರದಲ್ಲಿ ಅವನು ಸಿಕ್ಕಿಬಿದ್ದನೋ ಅದರ ಮೇಲೆ ಅವನ ಮುಂದಿನ ಗತಿಯು ನಿಂತಿತ್ತು. ಸ್ವೀಡನ್ನಿಗೆ ದಾಟಿದವನು ದೇಶಭ್ರಷ್ಟನಾದನು; ಸಿಕ್ಕಿದವನು ಉತ್ತರದ ಶಿಬಿರಗಳಿಗೆ ಹೋದನು; ಸಿಕ್ಕದವನು ಕಾಡಿಗೆ ಹೋಗಿ “ಅರಣ್ಯದ ಸೋದರ”ನಾದನು. ೧೯೪೯ರ ಮಾರ್ಚ್ ತಿಂಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರನ್ನು ಸೈಬೀರಿಯಕ್ಕೆ ಸಾಗಿಸಿದಾಗ ಕಾಡಿನವರಿಗೆ ಅನ್ನವಿಡುವ ಮನೆಗಳೂ ಬರಿದಾದುವು. ಇವೆಲ್ಲವುಗಳಿಗಿಂತ ಬೇರೆಯಾದ ನಾಲ್ಕನೆಯ ದಾರಿಯೊಂದಿತ್ತು: ಹೆಸರನ್ನೂ ಹಿಂದಿನ ಕಥೆಯನ್ನೂ ಬದಲಾಯಿಸಿ, ಗೆದ್ದವರಿಗೆ ಬೇಕಾದವನಾಗಿ ಬದುಕುವುದು. ಮೊದಲ ಮೂರು ದಾರಿಗಳನ್ನು ಹಿಡಿದವರ ವಿಷಯವಾಗಿ ಸ್ಮೃತಿಗ್ರಂಥಗಳು ಸಾಕಷ್ಟಿವೆ. ನಾಲ್ಕನೆಯ ದಾರಿಯವನು ತನ್ನ ಕಥೆಯನ್ನು ತಾನೇ ಅಳಿಸಿರುವುದರಿಂದ, ಅವನನ್ನು ಹುಡುಕುವುದಕ್ಕೆ ಕಾದಂಬರಿಕಾರನೇ ಹೊರಡಬೇಕಾಯಿತು.

೨

ಈ ಬಗೆಯ ಹುಡುಕಾಟವನ್ನು ಸಾಹಿತ್ಯದ ವಿಷಯವಾಗಿ ಮಾಡಿದವರಲ್ಲಿ ಓಕ್ಸಾನೆನಳು ಮೊದಲನೆಯವಳಲ್ಲ. ಸ್ವೀಡನ್ನಿನ ಪೇರ್ ಉಲೋವ್ ಎನ್‌ಕ್ವಿಸ್ಟನು ೧೯೬೮ರಲ್ಲಿ “ಲೀಜನ್ನಿನವರು” ಎಂಬ ಗ್ರಂಥವನ್ನು ಪ್ರಕಟಿಸಿದನು. ಮರುವರ್ಷ ಅದಕ್ಕೆ ನಾರ್ಡಿಕ್ ಪರಿಷತ್ತಿನ ಸಾಹಿತ್ಯ ಬಹುಮಾನವು ದೊರೆಯಿತು. ಅದರ ವಸ್ತು ಹೀಗಿದೆ. ಅಸೈನಿಕರಾಗಿ ಬಂದ ಸುಮಾರು ಮೂವತ್ತು ಸಾವಿರ ಬಾಲ್ಟಿಕ್ ನಿರಾಶ್ರಿತರಿಗೆ ಸ್ವೀಡನ್ನು ಆಶ್ರಯ ಕೊಟ್ಟಿತು. ಆದರೆ ಜರ್ಮನ್ ಸಮವಸ್ತ್ರದಲ್ಲಿ ತೀರವನ್ನು ಸೇರಿದವರನ್ನು ಸೋವಿಯತ್ತಿಗೆ ಒಪ್ಪಿಸುವುದೆಂದು ಸ್ವೀಡನ್ನಿನ ಸಮ್ಮಿಶ್ರ ಸರಕಾರವು ೧೯೪೫ರ ಜೂನ್ ತಿಂಗಳಲ್ಲಿ ನಿಶ್ಚಯಿಸಿತು. ಸೆರೆಯಲ್ಲಿದ್ದವರು ಉಪವಾಸ ಹೂಡಿದರು. ಕೆಲವರು ತಮ್ಮ ದೇಹಕ್ಕೆ ತಾವೇ ಘಾಸಿಮಾಡಿಕೊಂಡರು. ಕಡೆಗೆ ೧೯೪೬ರ ಜನವರಿ ೨೫ರಂದು ತ್ರೆಲ್ಲೆಬೊರಿ ಬಂದರಿನಿಂದ “ಬೆಲೊಓಸ್ತ್ರೊವ್” ಎಂಬ ಹಡಗು ಅವರನ್ನು ಹೊತ್ತುಕೊಂಡು ಹೊರಟಿತು. ಒಪ್ಪಿಸಲ್ಪಟ್ಟ ಬಾಲ್ಟಿಕ್ ಯೋಧರು ೧೪೬ ಮಂದಿ. ಬಹುಪಾಲು ಲಾತ್ವಿಯದವರು, ಎಸ್ತೋನಿಯದವರೂ ಲಿಥುವೇನಿಯದವರೂ ಕೆಲವರಿದ್ದರು.

ಎನ್‌ಕ್ವಿಸ್ಟನು ಈ ೧೪೬ ಮಂದಿಯ ಮುಂದಿನ ಗತಿಯನ್ನು ಹುಡುಕಿದನು. ದಾಖಲೆಗಳನ್ನು ಓದಿದನು, ಕಾವಲಿನವರನ್ನೂ ಮಂತ್ರಿಗಳನ್ನೂ ಕಂಡನು, ಸೋವಿಯತ್ ಲಾತ್ವಿಯಕ್ಕೆ ಹೋಗಿ ಬದುಕಿ ಉಳಿದವರೊಡನೆ ಮಾತನಾಡಿದನು. ಗ್ರಂಥದಲ್ಲಿ ಅವನು ತನ್ನನ್ನು “ಶೋಧಕ”ನೆಂದು ಪ್ರಥಮಪುರುಷದಲ್ಲಿ ಕರೆದುಕೊಂಡು, ಆ ಶೋಧಕನ ತಪ್ಪುಗಳನ್ನೂ ಪೂರ್ವಗ್ರಹಗಳನ್ನೂ ಓದುಗನ ಮುಂದೆ ಒಡ್ಡಿದ್ದಾನೆ. ಹಿಂತಿರುಗಿದವರೆಲ್ಲರೂ ಕೊಲ್ಲಲ್ಪಟ್ಟರೆಂಬ ದೇಶಭ್ರಷ್ಟರ ನಂಬಿಕೆಯನ್ನೂ ಅವನು ಒಪ್ಪಲಿಲ್ಲ, ಎಲ್ಲರೂ ಸುಖವಾಗಿದ್ದರೆಂಬ ಮಾತನ್ನೂ ಒಪ್ಪಲಿಲ್ಲ. ಹೆಚ್ಚಿನವರು ಬದುಕಿದ್ದರೆಂದೂ, ಕೆಲವರು ದೀರ್ಘವಾದ ಶಿಬಿರಶಿಕ್ಷೆಯನ್ನು ಅನುಭವಿಸಿದರೆಂದೂ ಅವನು ಕಂಡುಕೊಂಡನು.

ಈ ಕ್ರಮದ ಶಕ್ತಿಯೂ ಮಿತಿಯೂ ಒಂದೇ ಮೂಲದಿಂದ ಹೊರಟಿವೆ. ತನ್ನನ್ನು ತಾನು ಶಂಕಿಸಿಕೊಳ್ಳುವ ಶೋಧಕನು ತನ್ನೆದುರಿಗೆ ಕುಳಿತು ಮಾತನಾಡುವವನನ್ನು ಅಷ್ಟೇ ಆಳವಾಗಿ ಶಂಕಿಸಲಾರನು. ಸೋವಿಯತ್ ಲಾತ್ವಿಯದಲ್ಲಿ, ಅಧಿಕಾರಿಗಳ ಅನುಮತಿಯಿಂದ ನಡೆದ ಸಂಭಾಷಣೆಯಲ್ಲಿ, ಶಿಬಿರದಿಂದ ಮರಳಿದ ಒಬ್ಬನು ವಿದೇಶೀಯನೊಬ್ಬನಿಗೆ ಎಷ್ಟು ನಿಜವನ್ನು ಹೇಳಬಲ್ಲನು? ಬಾಲ್ಟಿಕ್ ದೇಶಭ್ರಷ್ಟರು ಎನ್‌ಕ್ವಿಸ್ಟನನ್ನು ಟೀಕಿಸಿದುದು ಈ ಒಂದು ಎಡೆಯಲ್ಲಿ. ಆ ಟೀಕೆಯಲ್ಲಿ ಕೋಪವಿದ್ದರೂ ತರ್ಕವೂ ಇತ್ತು. ಅವನ ಗ್ರಂಥವು ಸ್ವೀಡನ್ನಿನ ಮನಸ್ಸಾಕ್ಷಿಯ ಇತಿಹಾಸವಾಗಿ ಪೂರ್ಣವಾಗಿದೆ. ಆ ೧೪೬ ಮಂದಿಯ ಇತಿಹಾಸವಾಗಿ ಅರ್ಧವಾಗಿದೆ. ೧೯೯೪ರಲ್ಲಿ ಸ್ವೀಡನ್ನಿನ ಸರಕಾರವು ಬದುಕಿ ಉಳಿದ ಕೆಲವರನ್ನು ಕರೆಯಿಸಿಕೊಂಡು ತನ್ನ ವಿಷಾದವನ್ನು ತಿಳಿಸಿತು. ಆ ಹೊತ್ತಿಗೆ ಮಾತನಾಡಲು ಭಯಪಡಬೇಕಾದ ಕಾರಣವು ಹೋಗಿತ್ತು. ಮಾತನಾಡತಕ್ಕವರಲ್ಲಿ ಹೆಚ್ಚಿನವರೂ ಹೋಗಿದ್ದರು.

ಎರಡನೆಯ ಕ್ರಮವು ಎಸ್ತೋನಿಯದ ಒಳಗಿನದು. ಯಾನ್ ಕ್ರೋಸನು (೧೯೨೦–೨೦೦೭) ಜರ್ಮನರ ಸೆರೆಯನ್ನೂ ಸೋವಿಯತ್ ಶಿಬಿರವನ್ನೂ ಸ್ವತಃ ಕಂಡವನು. ೧೯೪೬ರಲ್ಲಿ ಬಂಧಿತನಾಗಿ ೧೯೫೪ರಲ್ಲಿ ತಾಯ್ನಾಡಿಗೆ ಮರಳಿದವನು. ಅವನು ೧೯೯೮ರಲ್ಲಿ ಬರೆದ “ಪಾಯ್ಗಲ್‌ಲೆಂಡ್” ಎಂಬ ಕಾದಂಬರಿಯ ಹೆಸರಿಗೆ ನಿಂತಲ್ಲೇ ಹಾರುವುದೆಂದು ಅರ್ಥ. ಅದರ ನಾಯಕನಾದ ಉಲ್ಲೋ ಪಾಯೆರಂಡನು ಬಹು ಬುದ್ಧಿವಂತ. ಗಣರಾಜ್ಯದ ಕಾಲದಲ್ಲಿ ಪ್ರಧಾನಿಯ ಕಚೇರಿಯಲ್ಲಿದ್ದವನು. ಹೊರಗೆ ಹೋಗುವ ಅವಕಾಶವಿದ್ದರೂ ಹೋಗದೆ ಉಳಿದನು. ಸೋವಿಯತ್ ಕಾಲದಲ್ಲಿ ಪ್ರಯಾಣದ ಪೆಟ್ಟಿಗೆಗಳನ್ನು ಮಾಡುವ ಕೆಲಸದಲ್ಲಿ ಬಾಳನ್ನು ಕಳೆದನು. ಎಲ್ಲಿಗೂ ಹೋಗಲಾರದ ನಾಡಿನಲ್ಲಿ ಪ್ರಯಾಣದ ಪೆಟ್ಟಿಗೆಯನ್ನು ಮಾಡುವವನ ಚಿತ್ರವೇ ಸಾಕು. ಅದಕ್ಕೆ ವ್ಯಾಖ್ಯಾನವು ಬೇಡ. ಕಥೆಯನ್ನು ಹೇಳುವವನು ಅವನ ಶಾಲೆಯ ಗೆಳೆಯ. ಕಾಗದಪತ್ರಗಳನ್ನು ನಂಬದೆ, ಗೆಳೆಯನ ಬಾಯಿಂದ ಕೇಳಿದುದನ್ನು ನೆನೆಯುತ್ತ, ನೆನಪು ತಪ್ಪಿದಲ್ಲಿ ತಪ್ಪಿತೆಂದು ಒಪ್ಪಿಕೊಳ್ಳುತ್ತ ಅವನು ಮುಂದುವರಿಯುತ್ತಾನೆ. ಇಲ್ಲಿ ಸಾಕ್ಷಿಯು ಸ್ನೇಹ. ಸ್ನೇಹಕ್ಕೆ ಪಾತ್ರನಾದವನ ಕಥೆಗೆ ಈ ಕ್ರಮವು ಒಪ್ಪುತ್ತದೆ. ಗೆಳೆಯರಿಲ್ಲದವನ, ಗೆಳೆಯರನ್ನು ಒಪ್ಪಿಸಿಕೊಟ್ಟವನ ಕಥೆಗೆ ಇದು ಒದಗದು.

೩

ಸೋಫಿ ಓಕ್ಸಾನೆನಳು ೧೯೭೭ರಲ್ಲಿ ಫಿನ್ಲೆಂಡಿನ ಯುವಾಸ್ಕುಲಾ ಎಂಬ ಊರಿನಲ್ಲಿ ಹುಟ್ಟಿದವಳು. ತಂದೆ ಫಿನ್ಲೆಂಡಿನವನು, ತಾಯಿ ಎಸ್ತೋನಿಯದವಳು. “ಸ್ಟಾಲಿನನ ಹಸುಗಳು” (೨೦೦೩), “ಶುದ್ಧೀಕರಣ” (೨೦೦೮) ಎಂಬ ಎರಡು ಕಾದಂಬರಿಗಳಾದ ಮೇಲೆ ಈ ಗ್ರಂಥವು ಬಂದಿತು. ಕಥೆಯು ಎರಡು ಕಾಲಗಳಲ್ಲಿ ಸಾಗುತ್ತದೆ: ೧೯೪೧ರಿಂದ ೧೯೪೪ರವರೆಗಿನ ಯುದ್ಧಕಾಲ, ಮತ್ತು ೧೯೬೦ರ ದಶಕದ ಸೋವಿಯತ್ ತಲ್ಲಿನ್. ರೋಲಂಡನೂ ಎಡ್ಗರನೂ ಒಂದೇ ಮನೆತನದ ದಾಯಾದಿಗಳು. ರೋಲಂಡನು ನೇರವಾದ ಮನುಷ್ಯ. ನಾಡಿಗಾಗಿ ಕಾದಿ, ಕಡೆಗೆ ಕಾಡನ್ನು ಸೇರುತ್ತಾನೆ. ಎಡ್ಗರನು ಬಂದವರೆಲ್ಲರಿಗೂ ಬೇಕಾಗುತ್ತಾನೆ. ಜರ್ಮನರ ಕಾಲದಲ್ಲಿ ಎಗ್ಗರ್ಟ್ ಫ್ಯೂರ್ಸ್ಟ್ ಎಂಬ ಹೊಸ ಹೆಸರಿನಿಂದ ಅವರ ಸೇವೆಗೆ ನಿಲ್ಲುತ್ತಾನೆ. ೧೯೬೦ರ ದಶಕದಲ್ಲಿ ಕಾಮ್ರೇಡ್ ಪಾರ್ಟ್ಸ್ ಎಂಬವನಾಗಿ, ಸೋವಿಯತ್ ಗುಪ್ತಚರ ಕಚೇರಿಯ ಅಪ್ಪಣೆಯಂತೆ, ನಾಜಿ ಆಳಿಕೆಯ ಅಪರಾಧಗಳನ್ನು ಕುರಿತ ಪುಸ್ತಕವೊಂದನ್ನು ಬರೆಯುತ್ತಿರುತ್ತಾನೆ. ಇವರಿಬ್ಬರ ನಡುವೆ ಎಡ್ಗರನ ಹೆಂಡತಿಯಾದ ಯೂದಿತ್ ಇದ್ದಾಳೆ. ಗಂಡನಿಂದ ಪ್ರೀತಿಯನ್ನು ಕಾಣದೆ, ಜರ್ಮನ್ ಅಧಿಕಾರಿಯಾದ ಹೆಲ್ಮುತ್ ಹೆರ್ಟ್ಸನಲ್ಲಿ ಅದನ್ನು ಕಂಡು, ಆ ತಪ್ಪಿಗೂ ಆ ಸುಖಕ್ಕೂ ಬಾಳೆಲ್ಲ ಬೆಲೆ ತೆತ್ತವಳು ಅವಳು.

ಎಡ್ಗರ್ ಪಾರ್ಟ್ಸನ ಪಾತ್ರಕ್ಕೆ ಎಡ್ಗರ್ ಮೆಓಸ್ ಎಂಬ ಎಸ್ತೋನಿಯದ ಯುದ್ಧಕಾಲದ ವಿಮಾನಚಾಲಕನ ಬಾಳು ಪ್ರೇರಣೆಯಾಯಿತೆಂಬುದನ್ನು ಲೇಖಕಿಯೇ ತಿಳಿಸಿದ್ದಾಳೆ. ಯುದ್ಧವು ಮುಗಿದ ಮೇಲೆ ಲೇಖನಿಯನ್ನು ಹಿಡಿದವನು ಅವನು. ಈ ಸಂಗತಿಯನ್ನು ತಿಳಿದ ಓದುಗನು ಕಾದಂಬರಿಯಲ್ಲಿ ಆ ಮೂಲವ್ಯಕ್ತಿಯನ್ನು ಹುಡುಕಲು ಹೊರಟರೆ ನಿರಾಶನಾಗುತ್ತಾನೆ, ನಿರಾಶನಾಗಬೇಕಾದುದೂ ನ್ಯಾಯವೇ. ಓಕ್ಸಾನೆನಳು ಮೂಲದಿಂದ ತೆಗೆದುಕೊಂಡುದು ಜೀವನದ ವಿವರಗಳನ್ನಲ್ಲ, ಜೀವನದ ಆಕಾರವನ್ನು: ಹಿಂದೆ ಯೋಧನಾಗಿದ್ದವನು ಮುಂದೆ ಚರಿತ್ರಕಾರನಾಗುವುದು, ತನ್ನ ಗತಕಾಲಕ್ಕೆ ತಾನೇ ಸಂಪಾದಕನಾಗುವುದು. ಎನ್‌ಕ್ವಿಸ್ಟನಲ್ಲಿ ಶೋಧಕನು ಬೇರೆ, ಶೋಧಿಸಲ್ಪಡುವವನು ಬೇರೆ. ಕ್ರೋಸನಲ್ಲಿ ಹೇಳುವವನೂ ಹೇಳಿಸಿಕೊಳ್ಳುವವನೂ ಗೆಳೆಯರು. ಓಕ್ಸಾನೆನಳಲ್ಲಿ ಕಾಣೆಯಾದ ಮನುಷ್ಯನೇ ಶೋಧಕನ ಕುರ್ಚಿಯಲ್ಲಿ ಕುಳಿತು, ಬೇರೊಬ್ಬ ಕಾಣೆಯಾದವನನ್ನು ಹುಡುಕುತ್ತಿದ್ದಾನೆ. ಈ ತಿರುವು ಈ ಕಾದಂಬರಿಯ ನಿಜವಾದ ಸೃಷ್ಟಿ.

ಕಾಮ್ರೇಡ್ ಪಾರ್ಟ್ಸನ ಕೆಲಸವನ್ನು ವರ್ಣಿಸುವ ಭಾಗಗಳು ಗ್ರಂಥದಲ್ಲಿ ಅತ್ಯುತ್ತಮವಾದವು. ಅವನ ಮೇಜು, ಬೆರಳಚ್ಚಿನ ಯಂತ್ರ, ಕಚೇರಿಯಿಂದ ತಂದ ಕಾಗದಗಳು, ಯಾವ ಪದವನ್ನು ಯಾವ ಪದದ ಪಕ್ಕದಲ್ಲಿಟ್ಟರೆ ಮೇಲಿನವರು ಮೆಚ್ಚುವರೆಂಬ ಲೆಕ್ಕಾಚಾರ, ಇವೆಲ್ಲವೂ ಸಾವಧಾನವಾಗಿ ನಿರೂಪಿತವಾಗಿವೆ. ಕಾಡಿನಲ್ಲಿದ್ದವನೊಬ್ಬನ ದಿನಚರಿಯ ಪುಸ್ತಕವು ಅವನ ಕೈಗೆ ಸಿಕ್ಕುತ್ತದೆ. ಅದನ್ನು ಅವನು ಪಂಡಿತನೊಬ್ಬನು ಹಳೆಯ ಓಲೆಯನ್ನು ಓದುವಂತೆ ಓದುತ್ತಾನೆ. ಬರೆದವನ ನಿಜವಾದ ಹೆಸರನ್ನು ಊಹಿಸುತ್ತಾನೆ, ಸಂಕೇತನಾಮಗಳನ್ನು ಬಿಡಿಸುತ್ತಾನೆ. ಪಾಠಶೋಧನೆಯ ಆ ಎಚ್ಚರ, ಆ ತಾಳ್ಮೆ, ಆ ಸೂಕ್ಷ್ಮದೃಷ್ಟಿಯೆಲ್ಲವೂ ಅಲ್ಲಿವೆ. ಆದರೆ ಅವೆಲ್ಲವೂ ಒಬ್ಬ ಮನುಷ್ಯನನ್ನು ಹಿಡಿದು ನಾಶಮಾಡುವುದಕ್ಕೆ ದುಡಿಯುತ್ತಿವೆ. ಅಷ್ಟೇ ಅಲ್ಲದೆ, ತಾನು ಬರೆಯುವ ಪುಸ್ತಕದಲ್ಲಿ ಅವನು ಆ ಕಾಡಿನವನನ್ನೇ ನಾಜಿಗಳ ಕೈಯಾಳಾಗಿ ಚಿತ್ರಿಸಿ, ತನ್ನ ಕೈಗೆ ಅಂಟಿದ ಕಲೆಯನ್ನು ಅವನ ಕೈಗೆ ಒರಸುತ್ತಾನೆ. ವಿದ್ವಾಂಸನಾದ ಓದುಗನು ಈ ಭಾಗಗಳನ್ನು ಓದುವಾಗ ಮೈಮರೆತು ಮೆಚ್ಚಲಾರನು. ತನ್ನ ಉಪಕರಣಗಳನ್ನೇ ಪರರ ಕೈಯಲ್ಲಿ ಕಂಡವನ ಕಳವಳವು ಅವನಿಗೆ ಉಂಟಾಗುತ್ತದೆ.

ನಿರೂಪಣೆಯ ಕ್ರಮದಲ್ಲಿಯೂ ಅರ್ಥವಿದೆ. ರೋಲಂಡನ ಭಾಗವು ಉತ್ತಮಪುರುಷದಲ್ಲಿದೆ. ಎಡ್ಗರನ ಮತ್ತು ಯೂದಿತಳ ಭಾಗಗಳು ಪ್ರಥಮಪುರುಷದಲ್ಲಿವೆ. “ನಾನು” ಎಂದು ಹೇಳುವ ಅಧಿಕಾರವು ಒಂದೇ ಹೆಸರನ್ನು ಉಳಿಸಿಕೊಂಡವನಿಗೆ ಮಾತ್ರ ದೊರೆತಿದೆ. ಹೆಸರನ್ನು ಬದಲಾಯಿಸುತ್ತ ಹೋದವನಿಗೆ ಉತ್ತಮಪುರುಷವು ದೊರೆಯಲಿಲ್ಲ. ವ್ಯಾಕರಣದ ಒಂದು ಪುರುಷಭೇದದಲ್ಲಿ ಇಷ್ಟು ದೊಡ್ಡ ನ್ಯಾಯನಿರ್ಣಯವನ್ನು ಇಟ್ಟಿರುವುದು ಔಚಿತ್ಯದ ಒಳ್ಳೆಯ ಉದಾಹರಣೆ. ಕಥೆಯು ಮುಂದುವರಿದಂತೆ ಆ “ನಾನು” ಮೌನವಾಗುವುದೂ, ಅದರ ಜಾಗದಲ್ಲಿ ಕಚೇರಿಯ ಭಾಷೆಯು ಹರಡಿಕೊಳ್ಳುವುದೂ ಓದುಗನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

೪

ಇಲ್ಲಿ ಒಂದು ಗಂಭೀರವಾದ ಆಕ್ಷೇಪವು ಏಳಬಹುದು. ನಾಜಿ ಅಪರಾಧಗಳನ್ನು ಕುರಿತ ಸೋವಿಯತ್ ಗ್ರಂಥವೊಂದು ಸುಳ್ಳುಗಾರನ ಕೃತಿಯೆಂದು ತೋರಿಸಿದರೆ, ಆ ಅಪರಾಧಗಳೇ ಸುಳ್ಳೆಂಬ ಭಾವನೆ ಬಾರದೆ? ಅವು ಸುಳ್ಳಲ್ಲವೆಂಬುದು ಇತಿಹಾಸದಲ್ಲಿ ನಿರ್ವಿವಾದ. ಜರ್ಮನರು ಬಂದಾಗ ನಾಡಿನಲ್ಲಿ ಉಳಿದಿದ್ದ ಸುಮಾರು ಒಂದು ಸಾವಿರ ಎಸ್ತೋನಿಯದ ಯಹೂದಿಗಳು ಕೊಲ್ಲಲ್ಪಟ್ಟರು; ಆ ಕಾರ್ಯದಲ್ಲಿ ಸ್ಥಳೀಯರ ಕೈಯೂ ಇತ್ತು. ಹೊರಗಿನಿಂದ ತಂದ ಸಾವಿರಾರು ಯಹೂದಿಗಳನ್ನು ವಾಯಿವರ ಮುಂತಾದ ಶಿಬಿರಗಳಲ್ಲಿಟ್ಟು ದುಡಿಸಿದರು. ೧೯೪೪ರ ಸೆಪ್ಟೆಂಬರ್ ೧೯ರಂದು, ತಲ್ಲಿನ್ ಕೈಬಿಡುವುದಕ್ಕೆ ಮೂರು ದಿನಗಳ ಮುಂಚೆ, ಕ್ಲೋಗ ಶಿಬಿರದಲ್ಲಿ ಸುಮಾರು ಎರಡು ಸಾವಿರ ಸೆರೆಯಾಳುಗಳನ್ನು ಗುಂಡಿಕ್ಕಿ ಕೊಂದು, ದೇಹಗಳನ್ನು ಸೌದೆಯ ರಾಶಿಯಲ್ಲಿ ಸುಟ್ಟರು.

ಈ ಸತ್ಯವನ್ನು ಸೋವಿಯತ್ ಆಳಿಕೆಯು ಹೇಗೆ ಬಳಸಿತೆಂಬುದಕ್ಕೆ ೧೯೬೨ರ ತಾರ್ತು ವಿಚಾರಣೆಯೇ ನಿದರ್ಶನ. ತಾರ್ತುವಿನ ಶಿಬಿರದಲ್ಲಿ ನಡೆದ ಕೊಲೆಗಳಿಗಾಗಿ ಮೂವರನ್ನು ಅಲ್ಲಿ ವಿಚಾರಿಸಲಾಯಿತು. ಅವರಲ್ಲಿ ಇಬ್ಬರು ವಿದೇಶದಲ್ಲಿದ್ದರು. ವಿಚಾರಣೆಯು ನಡೆಯುವುದಕ್ಕೆ ಮೊದಲೇ ಅದರ ತೀರ್ಪು ಮಾಸ್ಕೋವಿನ ನ್ಯಾಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಅಚ್ಚಾಗಿಹೋಗಿತ್ತು. ಕೊಲೆಗಳು ನಿಜ, ಸತ್ತವರು ನಿಜ. ನ್ಯಾಯಸ್ಥಾನವು ಮಾತ್ರ ನಾಟಕ. ನಿಜವಾದ ಅಪರಾಧದ ಮೇಲೆ ಸುಳ್ಳು ಮುದ್ರೆಯನ್ನೊತ್ತಿದರೆ ಆಗುವ ಹಾನಿ ಎರಡು ಬಗೆಯದು. ಅಪರಾಧಿಯು ಮುದ್ರೆಯನ್ನು ತೋರಿಸಿ ಅಪರಾಧವನ್ನು ಅಲ್ಲಗಳೆಯಬಹುದು; ನಿರಪರಾಧಿಯು ಅದೇ ಮುದ್ರೆಗೆ ಸಿಕ್ಕಿ ಸಾಯಬಹುದು.

ಕನ್ನಡನಾಡಿನ ಶಾಸನಶಾಸ್ತ್ರವನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟನು ವಾದಿಸಿದನು. ರೈಸನು ಅವುಗಳ ಪರವಾಗಿ ನಿಂತನು. ಆ ವಾದದಿಂದ ಸಿದ್ಧಿಸಿದ ಒಂದು ವಿವೇಕವು ಇಲ್ಲಿಗೂ ಸಲ್ಲುತ್ತದೆ: ಕೂಟಶಾಸನವು ತಾನು ಹೇಳಿಕೊಳ್ಳುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ, ತನ್ನನ್ನು ಕೊರೆಯಿಸಿದ ಕಾಲಕ್ಕೆ ಸಾಕ್ಷಿಯಾಗುತ್ತದೆ. ಯಾರಿಗೆ ಯಾವ ಭೂಮಿ ಬೇಕಾಗಿತ್ತು, ಯಾವ ವಂಶದ ಹೆಸರಿಗೆ ಬೆಲೆಯಿತ್ತು, ಯಾವ ಲಿಪಿಯನ್ನು ಹಳೆಯದೆಂದು ತೋರಿಸಬೇಕಾಗಿತ್ತು ಎಂಬುದನ್ನು ಅದು ತಿಳಿಯದೆ ಹೇಳಿಬಿಡುತ್ತದೆ. ಪಾರ್ಟ್ಸನ ಹಸ್ತಪ್ರತಿಯೂ ಹೀಗೆಯೇ. ೧೯೪೩ರಲ್ಲಿ ಏನು ನಡೆಯಿತೆಂಬುದನ್ನು ತಿಳಿಯಲು ಅದು ನಿರುಪಯೋಗಿ; ೧೯೬೩ರಲ್ಲಿ ಯಾರಿಗೆ ಏನು ಬೇಕಾಗಿತ್ತೆಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಓಕ್ಸಾನೆನಳು ಯುದ್ಧಕಾಲದ ಅಧ್ಯಾಯಗಳನ್ನೂ ೧೯೬೦ರ ದಶಕದ ಅಧ್ಯಾಯಗಳನ್ನೂ ಒಂದರ ಬೆನ್ನಿಗೊಂದನ್ನು ಇಟ್ಟಿರುವುದು ಕೌತುಕವನ್ನು ಹೆಚ್ಚಿಸುವುದಕ್ಕಾಗಿ ಮಾತ್ರವಲ್ಲ. ನಡೆದುದನ್ನೂ ಬರೆದುದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿನೋಡುವ ಅವಕಾಶವನ್ನು ಆಕೆ ಓದುಗನಿಗೆ ಕೊಟ್ಟಿದ್ದಾಳೆ. ಹೀಗೆ ತೂಗಿದವನು ಅಪರಾಧವನ್ನು ಅಲ್ಲಗಳೆಯಲಾರನು. ಅಪರಾಧಿಯು ಎಲ್ಲಿ ಅಡಗಿದ್ದನೆಂಬುದನ್ನು ಮಾತ್ರ ಕಾಣುತ್ತಾನೆ. ಆದುದರಿಂದ ಮೇಲಿನ ಆಕ್ಷೇಪವು ಗ್ರಂಥದ ಮುಖ್ಯವಾದ ರಚನೆಗೆ ತಗಲುವುದಿಲ್ಲ.

೫

ಆದರೆ ಅದು ಗ್ರಂಥದ ಬೇರೊಂದು ಎಡೆಗೆ ತಗಲುತ್ತದೆ. ಶಿಬಿರಗಳಲ್ಲಿ ಸತ್ತವರನ್ನು ಓದುಗನು ಹೆಚ್ಚಾಗಿ ಎಡ್ಗರನ ಕಣ್ಣಿನಿಂದ ನೋಡುತ್ತಾನೆ. ಆ ಕಣ್ಣಿಗೆ ಅವರು ಕೂಲಿಯ ಲೆಕ್ಕ, ಉತ್ಪತ್ತಿಯ ಅಂಕಿ, ಅಡಗಿಸಬೇಕಾದ ಕುರುಹು. ಅಂಥವನ ಮನಸ್ಸನ್ನು ತೋರಿಸುವುದಕ್ಕೆ ಇದು ತಕ್ಕ ಉಪಾಯವೇ. ಆದರೆ ಎಸ್ತೋನಿಯದ ದುಃಖಕ್ಕೆ ರೋಲಂಡನ ಧ್ವನಿಯಿದೆ, ಯೂದಿತಳ ದೇಹವಿದೆ. ಯಹೂದಿ ಸೆರೆಯಾಳುವಿಗೆ ಧ್ವನಿಯೂ ಇಲ್ಲ, ಹೆಸರಿನಿಂದ ನೆನಪಿನಲ್ಲಿ ಉಳಿಯುವ ಮುಖವೂ ಇಲ್ಲ. ದಾಖಲೆಗಳು ಮನುಷ್ಯರನ್ನು ಅಳಿಸುತ್ತವೆಂಬುದನ್ನು ತೋರಿಸಹೊರಟ ಕಾದಂಬರಿಯು ಈ ಒಂದು ಎಡೆಯಲ್ಲಿ ತಾನೂ ದಾಖಲೆಯಂತೆಯೇ ವರ್ತಿಸಿದೆ. ಕರುಣರಸಕ್ಕೆ ಆಲಂಬನವನ್ನು ಆರಿಸುವಾಗ ಕವಿಯು ಯಾರನ್ನು ಬಿಟ್ಟನೆಂಬುದೂ ವಿಮರ್ಶೆಗೆ ಸೇರಿದ ವಿಷಯ.

ಎರಡನೆಯ ದೋಷವು ಎಡ್ಗರನ ಒಳಮನಸ್ಸಿಗೆ ಸಂಬಂಧಿಸಿದ್ದು. ಅವನು ಸ್ವಲಿಂಗಾನುರಾಗಿ, ಅದನ್ನು ಹೆಂಡತಿಯಿಂದಲೂ ಬಂಧುಗಳಿಂದಲೂ ಆಳುವವರಿಂದಲೂ ಮುಚ್ಚಿಟ್ಟು ಬದುಕುತ್ತಾನೆ. ಮುಚ್ಚಿಡುವ ಅಭ್ಯಾಸವು ಬಾಲ್ಯದಿಂದಲೇ ಬಂದವನಿಗೆ ಹೆಸರನ್ನು ಮುಚ್ಚಿಡುವುದೂ ಸುಲಭವಾಯಿತೆಂಬ ಸೂಚನೆಯು ಕಥೆಯಲ್ಲಿದೆ. ಒಂದು ದೃಷ್ಟಿಯಿಂದ ಇದು ನ್ಯಾಯವಾದ ಸೂಚನೆ: ನಾಜಿ ಆಳಿಕೆಯಲ್ಲಿಯೂ ಸೋವಿಯತ್ ಆಳಿಕೆಯಲ್ಲಿಯೂ ಅಂಥವನಿಗೆ ಶಿಕ್ಷೆಯೇ ಕಾದಿತ್ತು, ಆದಕಾರಣ ಮರೆಯೇ ಅವನಿಗೆ ಪ್ರಾಣರಕ್ಷಣೆಯಾಗಿತ್ತು. ಆದರೆ ಅನುರಾಗದ ಭಿನ್ನತೆಯನ್ನೂ ದ್ರೋಹಬುದ್ಧಿಯನ್ನೂ ಜೊತೆಗೂಡಿಸುವ ಹಳೆಯ ಪೂರ್ವಗ್ರಹವೊಂದು ಯೂರೋಪಿನ ಗೂಢಚಾರಕಥೆಗಳಲ್ಲಿ ಬಹುಕಾಲದಿಂದ ಇದೆ. ಮರೆಯಲ್ಲಿ ಬದುಕಿಯೂ ಯಾರನ್ನೂ ಒಪ್ಪಿಸಿಕೊಡದ ಒಂದು ಪಾತ್ರವನ್ನು ಎಡ್ಗರನ ಪಕ್ಕದಲ್ಲಿ ನಿಲ್ಲಿಸಿದ್ದರೆ ಆ ಪೂರ್ವಗ್ರಹಕ್ಕೆ ಉತ್ತರ ದೊರೆಯುತ್ತಿತ್ತು. ಲೇಖಕಿಯು ಅದನ್ನು ಮಾಡಲಿಲ್ಲ. ಇದರಿಂದ ರಾಜಕೀಯವಾದ ಒಂದು ಪಾಪವು ಒಬ್ಬ ವ್ಯಕ್ತಿಯ ಸ್ವಭಾವದ ಫಲದಂತೆ ತೋರುವ ಅಪಾಯವು ಉಳಿಯಿತು. ಮೂರು ಆಳಿಕೆಗಳಲ್ಲಿ ಅನುಕೂಲವನ್ನು ಹುಡುಕಿದವರು ಎಲ್ಲ ಬಗೆಯ ಜನರೂ ಆಗಿದ್ದರು. ಸಾಮಾನ್ಯ ಸಂಸಾರಿಗಳು ಅವರಲ್ಲಿ ಹೆಚ್ಚಿನವರು.

ಮೂರನೆಯದು ಚಿಕ್ಕ ದೋಷ. ಕಥಾಸಂವಿಧಾನವು ಕೆಲವೆಡೆ ಅತಿಯಾಗಿ ಬಿಗಿದುಕೊಂಡಿದೆ. ಒಂದೇ ಮನೆತನದ ಮೂವರ ಸುತ್ತ ಎಲ್ಲ ರಹಸ್ಯಗಳೂ ಹೆಣೆದುಕೊಳ್ಳುವುದರಿಂದ, ರೋಲಂಡನ ಪ್ರಿಯೆಯಾದ ರೊಸಾಲಿಯ ಸಾವಿನ ಗುಟ್ಟು ಬಿಚ್ಚಿಕೊಳ್ಳುವ ಹೊತ್ತಿಗೆ ಪತ್ತೇದಾರಿಯ ಜಾಡು ಇತಿಹಾಸದ ಜಾಡನ್ನು ಮೀರುತ್ತದೆ. ಎನ್‌ಕ್ವಿಸ್ಟನ ಗ್ರಂಥದಲ್ಲಿ ಉತ್ತರವಿಲ್ಲದೆ ಉಳಿದ ಪ್ರಶ್ನೆಗಳಿಗೆ ಒಂದು ಘನತೆಯಿದೆ. ಇಲ್ಲಿ ಉತ್ತರಗಳು ಅಗತ್ಯಕ್ಕಿಂತ ಹೆಚ್ಚು ದೊರೆಯುತ್ತವೆ.

ಈ ದೋಷಗಳ ಎದುರಿಗೆ ಯೂದಿತಳ ಪಾತ್ರವನ್ನು ಇಡಬೇಕು. ಅವಳು ವೀರಳಲ್ಲ, ದ್ರೋಹಿಯೂ ಅಲ್ಲ. ರೋಲಂಡನಿಗೆ ಅವಳು ಜರ್ಮನರ ಸುದ್ದಿಯನ್ನು ತರುವ ಸಾಧನ. ಗಂಡನಿಗೆ ಮರ್ಯಾದೆಯ ಹೊದಿಕೆ. ಹೆರ್ಟ್ಸನಿಗೆ ಮಾತ್ರ ಅವಳು ಹೆಣ್ಣು. ಆದರೆ ಹೆರ್ಟ್ಸನು ಯಾವ ಸೈನ್ಯದವನೆಂಬುದನ್ನು ಅವಳೂ ಬಲ್ಲಳು, ಓದುಗನೂ ಬಲ್ಲನು. ಅವಳ ಸುಖವನ್ನು ಲೇಖಕಿಯು ನಿಂದಿಸಿಲ್ಲ, ಸಮರ್ಥಿಸಿಯೂ ಇಲ್ಲ. ೧೯೬೦ರ ದಶಕದಲ್ಲಿ ಅವಳು ಕುಡಿತಕ್ಕೆ ಬಿದ್ದು, ಮನಸ್ಸು ಕೆಟ್ಟು, ಗಂಡನ ಮನೆಯಲ್ಲಿ ನೆರಳಿನಂತೆ ಓಡಾಡುತ್ತಾಳೆ. ಪಕ್ಕದ ಕೋಣೆಯಲ್ಲಿ ಬೆರಳಚ್ಚಿನ ಯಂತ್ರದ ಸದ್ದು. ಈ ಕೋಣೆಯಲ್ಲಿ ನಡೆದುದನ್ನೆಲ್ಲ ಬಲ್ಲವಳ ಮೌನ. ಸುಳ್ಳು ಚರಿತ್ರೆಯನ್ನು ಬರೆಯುವವನ ಮನೆಯಲ್ಲಿಯೇ ಅದನ್ನು ಸುಳ್ಳೆಂದು ಹೇಳಬಲ್ಲ ಒಬ್ಬ ಸಾಕ್ಷಿಯು ಬ‌ದುಕಿದ್ದಾಳೆ. ಅವಳ ಮಾತಿಗೆ ಬೆಲೆಯಿಲ್ಲದಂತೆ ಮಾಡುವುದು ಅವನ ಕೃತಿಯ ಒಂದು ಅಂಗವೇ ಆಗಿದೆ.

೬

ಹಾಗಾದರೆ ಆ ವಿಮಾನಭಟನಿಗೆ ಮುಂದೇನಾಯಿತು? ಎನ್‌ಕ್ವಿಸ್ಟನು ಸಂಖ್ಯೆಯಿಂದ ಹೊರಟು ಮನುಷ್ಯನ ಕಡೆಗೆ ನಡೆದನು. ಅರ್ಧದಾರಿಯಲ್ಲಿ ಸೋವಿಯತ್ ಬಾಗಿಲು ಅಡ್ಡವಾಯಿತು. ಕ್ರೋಸನು ಮನುಷ್ಯನಿಂದ ಹೊರಟು ನಾಡಿನ ಕಡೆಗೆ ನಡೆದನು; ಅವನ ಜೊತೆಗೆ ಸ್ನೇಹವಿದ್ದುದರಿಂದ ದಾರಿ ತಪ್ಪಲಿಲ್ಲ. ಓಕ್ಸಾನೆನಳು ದಾಖಲೆಯನ್ನು ಬರೆದವನ ಮೇಜಿನಿಂದ ಹೊರಟಳು. ಮೂರರಲ್ಲಿ ಕಲಾದೃಷ್ಟಿಯಿಂದ ಕ್ರೋಸನ ಕೃತಿಯೇ ಹೆಚ್ಚು ಪಕ್ವವಾದುದು. ಪ್ರಾಮಾಣಿಕತೆಯಲ್ಲಿ ಎನ್‌ಕ್ವಿಸ್ಟನದನ್ನು ಮೀರಿಸುವುದು ಕಷ್ಟ. ಆದರೆ ಹುಡುಕಲ್ಪಡುವವನೇ ಸುಳ್ಳಿನ ಕರ್ತೃವಾಗಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕೃತಿ ಓಕ್ಸಾನೆನಳದು ಮಾತ್ರ. ಕಾಣೆಯಾದವನು ಸೈಬೀರಿಯದಲ್ಲಾಗಲಿ ಸ್ವೀಡನ್ನಿನಲ್ಲಾಗಲಿ ಇರಬೇಕಾಗಿಲ್ಲ. ಅವನು ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ, ಬೇರೊಬ್ಬರ ಕಥೆಯನ್ನು ಬರೆಯುತ್ತ ಕುಳಿತಿರಬಹುದೆಂಬುದು ಆಕೆಯ ಉತ್ತರ.

ಕಲ್ಹಣನು ತನ್ನ ರಾಜತರಂಗಿಣಿಯ ಆರಂಭದಲ್ಲಿ, ಹಿಂದೆ ನಡೆದುದನ್ನು ಹೇಳುವ ಕವಿಯ ಮಾತು ರಾಗದ್ವೇಷಗಳಿಂದ ದೂರವಾಗಿ ನ್ಯಾಯಾಧೀಶನ ಮಾತಿನಂತಿರಬೇಕೆಂಬ ಆದರ್ಶವನ್ನಿಟ್ಟನು. ಆ ಆದರ್ಶವು ಇಂದಿಗೂ ಸಲ್ಲುವುದೇ. ಆದರೆ ನ್ಯಾಯಸ್ಥಾನದ ತೀರ್ಪೇ ವಿಚಾರಣೆಗೆ ಮೊದಲು ಅಚ್ಚಾಗುವ ಕಾಲದಲ್ಲಿ ನ್ಯಾಯಾಧೀಶನ ಹೋಲಿಕೆಯೊಂದೇ ಸಾಲದು. ರಾಗದ್ವೇಷವಿಲ್ಲದ ತಣ್ಣನೆಯ ಭಾಷೆಯನ್ನು ಕಾಮ್ರೇಡ್ ಪಾರ್ಟ್ಸನೂ ಕಲಿತಿದ್ದನು. ಅದನ್ನು ಅವನು ಬಹು ಚೆನ್ನಾಗಿ ಬರೆಯುತ್ತಿದ್ದನು. ಆದಕಾರಣ ಒಂದು ಬರಹವು ನಿಷ್ಪಕ್ಷಪಾತವಾಗಿ ಕೇಳಿಸುತ್ತದೆಯೆ ಎಂದು ನೋಡುವವನು, ಅದು ಯಾರನ್ನು ಮೌನಗೊಳಿಸಿ ಆ ಸ್ವರವನ್ನು ಪಡೆಯಿತೆಂಬುದನ್ನೂ ನೋಡಬೇಕು. ಓಕ್ಸಾನೆನಳ ಕಾದಂಬರಿಯು ಈ ಎರಡನೆಯ ಪರೀಕ್ಷೆಯನ್ನು ಓದುಗನಿಗೆ ಕಲಿಸುತ್ತದೆ. ಕ್ಲೋಗದಲ್ಲಿ ಸತ್ತವರ ವಿಷಯದಲ್ಲಿ ಆ ಪರೀಕ್ಷೆಯಲ್ಲಿ ತಾನೇ ಪೂರ್ತಿಯಾಗಿ ಗೆಲ್ಲದಿದ್ದರೂ, ಅದನ್ನು ಕಲಿಸಿದ ಋಣವು ಅದಕ್ಕೆ ಸಲ್ಲತಕ್ಕದ್ದೇ.